ಪೆಟ್ಟು ತಿನ್ನದ ಕಂಬಿ

ಬಿಕರ್ನಕಟ್ಟೆಯ ಆ ಓಣಿಯಲ್ಲಿ ತಾರಾನಾಥಣ್ಣನ ಕೆಲಸ ಏನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಬಾಯಿ ಮುಚ್ಚಿ ಕೂತವರೂ ಯಾರೂ ಇರಲಿಲ್ಲ.

"ಒಂದು ಕಂಬಿಯನ್ನು ನೇತುಹಾಕುವುದು, ಅದು ಯಾವಾಗ ತುಂಡಾಗ್ತದೆ ಅಂತ ನೋಡ್ತಾ ಕೂತುಕೊಳ್ಳುವುದು. ಅದಕ್ಕೆ ಸಂಬಳ ಬೇರೆ!" ಎನ್ನುತ್ತಿದ್ದರು ಮೂಲೆಮನೆಯ ಮುಕುಂದ ಭಟ್ಟರು. ದೇವಸ್ಥಾನದ ಮಧ್ಯಾಹ್ನದ ಪೂಜೆ ಮುಗಿಸಿ ಬಂದು ಜಗಲಿಯಲ್ಲಿ ಕಾಲು ಚಾಚಿದರೆ ಅವರಿಗೆ ಲೋಕದ ಕೆಲಸವೆಲ್ಲ ಸುಲಭವಾಗಿ ಕಾಣುತ್ತಿತ್ತು.

ಹಾಲಿನ ಬೂತಿನ ಹೆಂಗಸಿನದು ಇನ್ನೊಂದು ವರಸೆ. "ಬಂಟರ ಮನೆಯವರು, ಅಣ್ಣತಮ್ಮಂದಿರು ಎಲ್ಲ ಹೊಟೇಲು ಇಟ್ಟು ಕಾರಿನಲ್ಲಿ ತಿರುಗ್ತಾರೆ. ಇವರು ಮಾತ್ರ ಟಿಫಿನ್ ಡಬ್ಬಿ ಹಿಡ್ಕೊಂಡು ಬಸ್ಸಿಗೆ ಓಡ್ತಾರೆ. ಎಂತ ಗ್ರಹಚಾರವೋ!"

ಅವನ ಭಾವನೊಬ್ಬ ಕಂಕನಾಡಿಯ ತನ್ನ ಹೊಟೇಲಿನ ಗಲ್ಲಾದಲ್ಲಿ ಕೂರಿಸುತ್ತೇನೆಂದು ಎರಡು ಸಲ ಕರೆದಿದ್ದ. ತಾರಾನಾಥಣ್ಣ ಹೋಗಲಿಲ್ಲ. ಭಟ್ಟರು ಎದುರು ಸಿಕ್ಕಿ "ಎಂತ ಮಾರಾಯ, ನಿನ್ನ ಕಂಬಿ ಸೌಖ್ಯ ಉಂಟಾ?" ಎಂದು ಕೆಣಕಿದರೆ, "ಉಂಟು ಭಟ್ರೇ, ಅದೂ ನಿಮ್ಮನ್ನು ಕೇಳಿತು ಅಂತ ಹೇಳ್ಲಿಕ್ಕೆ ಹೇಳಿತು" ಎಂದು ನಕ್ಕು ನಂತೂರಿನ ಕಡೆ ದಾಪುಗಾಲು ಹಾಕುತ್ತಿದ್ದ. ಅಲ್ಲಿಂದ ಸುರತ್ಕಲ್ ಬಸ್ಸು ಹತ್ತಿ ಬೈಕಂಪಾಡಿಯಲ್ಲಿ ಇಳಿದು, ಒಳರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಒಸ್ವಾಲ್ಡ್ ಅವರ ಶೆಡ್ಡು. ಕಂಬಿ ತೂಗುತ್ತಿದ್ದದ್ದು ಅಲ್ಲಿ.

ಆದರೆ ಕಂಬಿಯ ಕತೆಗೆ ಮೊದಲು ಸುತ್ತಿಗೆಯ ಕತೆ ಹೇಳಬೇಕು. ಅದಿಲ್ಲದೆ ಇದು ತಿಳಿಯುವುದಿಲ್ಲ.

ಶೆಡ್ಡಿಗೆ ಬರುವ ಮೊದಲು ಇಪ್ಪತ್ತಾರು ವರ್ಷ ತಾರಾನಾಥಣ್ಣ ಬಂದರಿನಲ್ಲಿ, ದೋಣಿಗಳು ನಿಲ್ಲುವ ದಕ್ಕೆಯ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿದ್ದ. ಮೀನಿನ ದೋಣಿಗಳ ನೀರಿನಡಿಯ ಫ್ಯಾನು ತಿರುಗಿಸುವ ಉದ್ದನೆಯ ಶಾಫ್ಟುಗಳನ್ನು ಅಲ್ಲಿ ಕಡೆಯುತ್ತಿದ್ದರು. ಕಡೆದಾದ ಮೇಲೆ ಪ್ರತಿಯೊಂದಕ್ಕೂ ನಂಬರು ಹೊಡೆಯುವವನು ಇವನೇ. ನಂಬರ್ ಪಂಚ್ ಎಂದರೆ ಬೆರಳುದ್ದದ ಉಕ್ಕಿನ ತುಂಡು, ತುದಿಯಲ್ಲಿ ಅಂಕೆ ಕೆತ್ತಿರುತ್ತದೆ. ಅದನ್ನು ಲೋಹದ ಮೇಲೆ ನೆಟ್ಟಗೆ ನಿಲ್ಲಿಸಿ ಸುತ್ತಿಗೆಯಲ್ಲಿ ಹೊಡೆದರೆ ಅಂಕೆ ಮೂಡುತ್ತದೆ. ಉಳಿದವರು ಎರಡು ಮೂರು ಸಲ ಹೊಡೆಯುತ್ತಿದ್ದರು, ಅಂಕೆಗೆ ನೆರಳು ಬಿದ್ದು ಮೂರು ಎಂಟರ ಹಾಗೆ ಕಾಣುತ್ತಿತ್ತು. ತಾರಾನಾಥಣ್ಣನದು ಒಂದೇ ಪೆಟ್ಟು. ಆಳ, ನೇರ, ಎಲ್ಲ ಅಂಕೆ ಒಂದೇ ಸಾಲಿನಲ್ಲಿ. ಬೆಂಗ್ರೆಯ ದೋಣಿಯವರು ಹಳೆಯ ಶಾಫ್ಟು ಕೊಳ್ಳುವಾಗಲೂ ಎಣ್ಣೆ ಒರೆಸಿ ಮೊದಲು ನೋಡುತ್ತಿದ್ದದ್ದು ಅದನ್ನೇ: "ತಾರಾನಾಥಣ್ಣನ ನಂಬರು ಉಂಟಾ?"

ಒಮ್ಮೆ ಯಾರೋ ಒಬ್ಬ ಮುರಿದ ಶಾಫ್ಟನ್ನು ಹೊತ್ತು ತಂದು ಇದು ನಿಮ್ಮಲ್ಲಿಯದೇ ಎಂದು ಜಗಳಕ್ಕೆ ನಿಂತಿದ್ದನಂತೆ. ತಾರಾನಾಥಣ್ಣ ಬಗ್ಗಿ ನೋಡಿ, "ಈ ಏಳು ನನ್ನದಲ್ಲ. ನನ್ನ ಏಳು ಹೀಗೆ ಸೊಂಟ ಬಗ್ಗಿಸಿ ನಿಲ್ಲುವುದಿಲ್ಲ" ಎಂದನಂತೆ. ಜಗಳಕ್ಕೆ ಬಂದವನೂ ನಕ್ಕುಬಿಟ್ಟ. ಶಾಫ್ಟು ಬೇರೆ ಕಡೆಯದೇ ಆಗಿತ್ತು.

ಆ ನಂಬರು ನೋಡಿಯೇ ಒಸ್ವಾಲ್ಡ್ ಅವನನ್ನು ಕರೆದದ್ದು. ಒಸ್ವಾಲ್ಡ್ ಊರು ಬಿಟ್ಟು ಬಹಳ ವರ್ಷ ವಿಮಾನದ ಇಂಜಿನ್ನುಗಳ ಕೆಲಸದಲ್ಲಿದ್ದವರು. ತಿರುಗಿ ಬಂದು ಬೈಕಂಪಾಡಿಯಲ್ಲಿ ಶೆಡ್ಡು ಹಾಕಿ ಪಂಪಿನ ಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ಹೊಟ್ಟೆಗೆ ಪಂಪು, ಮನಸ್ಸಿಗೆ ಇಂಜಿನ್ನು. "ಇಷ್ಟು ಚಂದ ನಂಬರು ಹೊಡೆಯುವವ ನಂಬರು ತಪ್ಪಿ ಬರೆಯುವುದಿಲ್ಲ ಮಾರಾಯ, ನನಗೆ ಅಂಥವ ಬೇಕು" ಎಂದು ಕರೆದುಕೊಂಡು ಹೋಗಿ ಪರೀಕ್ಷೆಯ ಕೋಣೆಯನ್ನು ಅವನ ಕೈಗೆ ಕೊಟ್ಟರು. ಅಲ್ಲಿ ಕ್ರೀಪ್ ಮಿಷನ್ನುಗಳು ಮೂರು. ಒಂದೊಂದರ ನಡುವೆ ನಿಂತ ಕೊಳವೆಯಂಥ ಸಣ್ಣ ಒಲೆ, ಒಲೆಯೊಳಗೆ ಕೆಂಪಗೆ ಕಾದ ಕಂಬಿ, ಕಂಬಿಯ ತುದಿಗೆ ಸನ್ನೆಕೋಲು, ಅದರ ಕೊನೆಗೆ ತೂಕದ ಬಿಲ್ಲೆಗಳು. ಕಾದ ಲೋಹಕ್ಕೆ ಭಾರ ಕಟ್ಟಿ ಬಿಟ್ಟರೆ ಅದು ಇರುವೆಗಿಂತ ನಿಧಾನವಾಗಿ ಹಿಗ್ಗುತ್ತದೆ. ಎಷ್ಟು ಹಿಗ್ಗಿತು, ಎಷ್ಟು ಗಂಟೆ ತಾಳಿತು ಎಂದು ಬರೆದಿಡಬೇಕು. ಭಟ್ಟರು ಹೇಳಿದ್ದು ಸುಳ್ಳಲ್ಲ, ನೋಡುತ್ತಾ ಕೂರುವ ಕೆಲಸವೇ. ಆದರೆ ಹಾಗೆ ಕೂತು ನೋಡುವವನಿಲ್ಲದೆ ಯಾವ ಇಂಜಿನ್ನೂ ಮೇಲೆ ಏರುವುದಿಲ್ಲ ಎನ್ನುವುದು ತಾರಾನಾಥಣ್ಣನ ಹೆಮ್ಮೆ.

ಗ್ರೀಷ್ಮಾ ಬಂದ ಮೇಲೆ ಶೆಡ್ಡಿನ ನಡೆ ಬದಲಾಯಿತು. ಸುರತ್ಕಲ್‌ನಲ್ಲಿ ಲೋಹಶಾಸ್ತ್ರ ಓದಿದ ಹುಡುಗಿ, ಮೂವತ್ತಿನ ಒಳಗೆ, ಮಾತು ಚುರುಕು. ಅವಳು ಬಂದ ವರ್ಷವೇ ಒಸ್ವಾಲ್ಡ್ ಎಲ್ಲಿಂದಲೋ ಒಂದು ಹಳೆಯ ಕುಲುಮೆ ತರಿಸಿದರು. ನಿರ್ವಾತದಲ್ಲಿ ಎರಕ ಹೊಯ್ಯುವಂಥದ್ದು. ಅದನ್ನು ರಿಪೇರಿ ಮಾಡಿ ಇವರಿಬ್ಬರು, ಗ್ರೀಷ್ಮಾ ತಲೆಯಾಗಿ ತಾರಾನಾಥಣ್ಣ ಕೈಯಾಗಿ, ಒಂದೇ ಹರಳಿನ ಕಂಬಿ ಬೆಳೆಸಲು ಹೊರಟರು.

ಒಂದೇ ಹರಳು ಎಂದರೆ ಎಂತದು ಎಂದು ಹೆಂಡತಿ ಜಲಜಾಕ್ಷಿ ಕೇಳಿದಾಗ ತಾರಾನಾಥಣ್ಣ ಅಡುಗೆಮನೆಯಲ್ಲೇ ಪಾಠ ಮಾಡಿದ.

"ಸಾಮಾನ್ಯ ಲೋಹ ಉಂಟಲ್ಲ, ಅದು ಪುರಿ ಉಂಡೆಯ ಹಾಗೆ. ಕಾಳು ಕಾಳು ಅಂಟಿಕೊಂಡದ್ದು. ಬಿಸಿಯಾಗಿ ಎಳೆದರೆ ಎಲ್ಲಿ ಬಿಡ್ತದೆ? ಅಂಟಿದಲ್ಲಿ ಬಿಡ್ತದೆ. ಅದಕ್ಕೆ ಕೆಲವರು ಎಂತ ಮಾಡ್ತಾರೆ, ಎರಕವನ್ನು ಒಂದೇ ಬದಿಯಿಂದ ಮೆಲ್ಲ ತಣಿಸ್ತಾರೆ. ಆಗ ಹರಳೆಲ್ಲ ಉದ್ದಕ್ಕೆ ಬೆಳೀತದೆ, ಗುಡಿಸುವ ಹಿಡಿಸೂಡಿಯ ಕಡ್ಡಿಗಳ ಹಾಗೆ. ಅಡ್ಡಕ್ಕೆ ಅಂಟು ಇಲ್ಲ. ನಾವು ಅದಕ್ಕಿಂತಲೂ ಮುಂದೆ. ಕಂಬಿ ಪೂರ್ತಿ ಒಂದೇ ಹರಳು, ಕಲ್ಲುಸಕ್ಕರೆಯ ಹಾಗೆ. ಅಂಟೇ ಇಲ್ಲ."

"ಅದು ಒಂದೇ ಆಗಿ ಬೆಳೀಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗ್ತದೆ?"

"ಅದಕ್ಕೆ ಗೊತ್ತಿಲ್ಲ, ನಾವು ಉಪಾಯ ಮಾಡ್ತೇವೆ. ಅಚ್ಚಿನ ಬುಡದಲ್ಲಿ ಸುರುಳಿ ದಾರಿ ಇಟ್ಟಿದ್ದೇವೆ. ಕೆಳಗೆ ನೂರು ಹರಳು ಹುಟ್ಲಿ, ಆ ಸುರುಳಿಯಲ್ಲಿ ನೂಕಾಡಿ ಮೇಲೆ ಬರುವುದು ಒಂದೇ. ಆಮೇಲೆ ಅಚ್ಚನ್ನು ಬಿಸಿಯಿಂದ ಮೆಲ್ಲ ಕೆಳಗೆ ಇಳಿಸುವುದು, ನಿಮಿಷಕ್ಕೆ ಮೂರು ಮಿಲಿಮೀಟರ್. ಆ ಒಂದೇ ಹರಳು ಕಂಬಿಯ ಉದ್ದಕ್ಕೂ ಬೆಳೀತಾ ಹೋಗ್ತದೆ."

"ಹಾಗಾದ್ರೆ ತುಂಡಾಗುವುದೇ ಇಲ್ವಾ?"

"ತುಂಡಾಗ್ತದೆ ಮಾರಾಯ್ತಿ. ಆದರೆ ನಮ್ಮದು ಸಾವಿರ ಗಂಟೆ ತಾಳ್ಬೇಕು."

ಆ ಸಾವಿರ ಗಂಟೆಯೇ ಮುಂದೆ ಎಲ್ಲರ ಕುತ್ತಿಗೆಗೆ ಬಂತು. ದೂರದ ಒಂದು ಇಂಜಿನ್ ಕಂಪನಿ ಮಾತು ಕೊಟ್ಟಿತ್ತು: ನಿಮ್ಮ ಕಂಬಿ ನಾವು ಹೇಳಿದ ಬಿಸಿಯಲ್ಲಿ, ನಾವು ಹೇಳಿದ ಭಾರಕ್ಕೆ ಸಾವಿರ ಗಂಟೆ ನಿಂತರೆ ಇಂಜಿನ್ನಿನೊಳಗೆ ತಿರುಗುವ ಎಲೆಗಳನ್ನು, ಅಂದರೆ ಬ್ಲೇಡುಗಳನ್ನು, ಎರಕ ಹೊಯ್ಯುವ ಕೆಲಸ ನಿಮಗೆ. ಕಂಬಿಗಳು ಚಂದವಾಗಿಯೇ ಬೆಳೆದವು. ಎರಕವಾದ ಕೂಡಲೆ ಗ್ರೀಷ್ಮಾ ಒಂದೊಂದನ್ನೂ ಆಸಿಡ್‌ನಲ್ಲಿ ಅದ್ದಿ ತೊಳೆದು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಹರಳು ಎರಡಿದ್ದರೆ ಒಂದು ಹೊಳೆಯುವಾಗ ಇನ್ನೊಂದು ಮಂಕಾಗುತ್ತದೆ. ಇಲ್ಲಿ ಕಂಬಿ ಪೂರ್ತಿ ಒಟ್ಟಿಗೇ ಹೊಳೆದು ಒಟ್ಟಿಗೇ ಮಂಕಾಗುತ್ತಿತ್ತು. ಒಳ್ಳೆಯ ಕಂಬಿ. ಅದಕ್ಕೆ ನಂಬರು ಬಿದ್ದು, ಮತ್ತೆ ಕರಗುವ ಅಂಚಿನವರೆಗೆ ಗಂಟೆಗಟ್ಟಲೆ ಕಾಯಿಸಿ ಹದ ಮಾಡಿ, ಲೇತಿನಲ್ಲಿ ಮೇಲಿನ ಸಿಪ್ಪೆ ತೆಗೆದು ಮಿಷನ್ನಿಗೆ ಏರಿಸಿದರೆ, ಇನ್ನೂರು ಗಂಟೆಗೆ ಠಣ್ಣೆಂದು ತುಂಡು. ಇನ್ನೊಂದು ನೂರ ಎಂಬತ್ತಕ್ಕೆ. ಮತ್ತೊಂದು ಇನ್ನೂರ ನಲವತ್ತಕ್ಕೆ. ಹೀಗೆ ಹನ್ನೊಂದು ಕಂಬಿ ಹೋದವು, ಎಂಟು ತಿಂಗಳೂ ಹೋದವು.

ಗ್ರೀಷ್ಮಾ ಅಚ್ಚು ಇಳಿಸುವ ವೇಗ ಬದಲಿಸಿದಳು. ಮಿಶ್ರಣ ಬದಲಿಸಿದಳು. ಊಟ ಬಿಟ್ಟಳು. ಮೊದಲು ಬಾಯಿತುಂಬ ಮಾತಾಡುತ್ತಿದ್ದವಳು "ಹ್ಞಾಂ", "ಇಲ್ಲ" ಎರಡಕ್ಕೆ ಇಳಿದಳು. ಕಡೆಗೆ ಒಂದು ಶುಕ್ರವಾರ ಕಂಪನಿಯಿಂದ ಪತ್ರ ಬಂತು: ಇನ್ನು ಮೂರೇ ಕಂಬಿ ನೋಡುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ.

ಒಸ್ವಾಲ್ಡ್ ಇಬ್ಬರನ್ನೂ ಕರೆದರು. ಬೈಯುವ ಜನವಲ್ಲ ಅವರು, ಅದೇ ಕಷ್ಟ. "ಗ್ರೀಷ್ಮಾ, ನಿನ್ನ ತಲೆ ದಣಿದಿದೆ. ಸೋಮವಾರದಿಂದ ನೀನು ಪಂಪಿನ ಕಡೆ ಇರು. ಕುಲುಮೆಗೆ ಹೊರಗಿನಿಂದ ಒಬ್ಬರನ್ನು ಕರೆಸ್ತೇನೆ."

ಹುಡುಗಿ ತುಟಿ ಕಚ್ಚಿ "ಆಯ್ತು ಸರ್" ಎಂದು ಹೊರಗೆ ಹೋದಳು. ತಾರಾನಾಥಣ್ಣ ಅಲ್ಲೇ ನಿಂತಿದ್ದ. ಅವನಿಗೆ ಏನೋ ಒಂದು ಕಡ್ಡಿ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗೆ ಆಗಿತ್ತು. ಹೊರಗೆ ಬರುತ್ತಿಲ್ಲ, ಬಿಡುತ್ತಲೂ ಇಲ್ಲ.

ಶನಿವಾರ ಕಡ್ಡಿ ಹೊರಗೆ ಬಂತು. ನಾಲ್ಕು ತಿಂಗಳ ಹಿಂದೆ ಅವನು ತಂಗಿಯ ಮಗಳ ಮದುವೆಗೆಂದು ಕಾಪುವಿಗೆ ಹೋಗಿ ನಾಲ್ಕು ದಿನ ರಜೆಯಲ್ಲಿದ್ದ. ಆಗ ಗ್ರೀಷ್ಮಾ ಒಂದು ಕಂಬಿಯನ್ನು ಒಬ್ಬಳೇ ಬೆಳೆಸಿದ್ದಳು. ಆ ಕಂಬಿ ಆರುನೂರ ಹನ್ನೊಂದು ಗಂಟೆ ತೂಗುತ್ತಿರುವಾಗ ಒಲೆಯ ತಂತಿ ಸುಟ್ಟುಹೋಗಿ ಪರೀಕ್ಷೆ ನಿಂತಿತ್ತು. ತುಂಡಾಗಿರಲಿಲ್ಲ. ತುಂಡಾಗದ್ದು ಲೆಕ್ಕಕ್ಕಿಲ್ಲ ಎಂದು ಅದನ್ನು ಪುಸ್ತಕದಲ್ಲಿ ಹೊಡೆದುಹಾಕಿ ಡಬ್ಬಿಗೆ ಹಾಕಿದ್ದರು. ಎಲ್ಲರೂ ಮರೆತಿದ್ದರು.

ತಾರಾನಾಥಣ್ಣ ಡಬ್ಬಿ ಕವುಚಿ ಅದನ್ನು ಹುಡುಕಿದ. ಅದರ ಹಿಂದಿನ ಕಂಬಿಯದೇ ಮಿಶ್ರಣ, ಅದೇ ವೇಗ, ಅದೇ ಕುಲುಮೆ. ಇದಕ್ಕೂ ಆ ಹನ್ನೊಂದಕ್ಕೂ ಎಂತ ವ್ಯತ್ಯಾಸ? ಅವನು ಕಂಬಿಯನ್ನು ಕೈಯಲ್ಲಿ ಹೊರಳಿಸುತ್ತಾ ಕೂತ. ಆ ನಾಲ್ಕು ದಿನ ಶೆಡ್ಡಿನಲ್ಲಿ ಇಲ್ಲದಿದ್ದದ್ದು ಏನು? ಇಲ್ಲದಿದ್ದದ್ದು ಅವನೇ. ಗ್ರೀಷ್ಮಾ ಆ ಕಂಬಿಗೆ ನಂಬರು ಹೊಡೆಸದೆ ಬೇರೆ ತಟ್ಟೆಯಲ್ಲಿಟ್ಟು ಚೀಟಿ ಅಂಟಿಸಿದ್ದಳು.

ಉಳಿದ ಎಲ್ಲ ಕಂಬಿಗೂ ಅವನು ನಂಬರು ಹೊಡೆದಿದ್ದ. ಅದೂ ಎಲ್ಲಿ? ಎರಡು ತುದಿಗಳೂ ಕತ್ತರಿಸಿ ಹೋಗುವುದರಿಂದ ನಂಬರು ಕಳೆದುಹೋಗಬಾರದೆಂದು ಮುಂದಾಲೋಚನೆ ಮಾಡಿ, ನಟ್ಟನಡುವೆ. ಒಂದೇ ಪೆಟ್ಟು. ಆಳವಾಗಿ.

ಇನ್ನೂ ಲೇತಿಗೆ ಹೋಗದ, ಹದವಾದ ಒಂದು ಕಂಬಿ ಕಪಾಟಿನಲ್ಲಿತ್ತು. ಹದ ಮಾಡಿದ ಮೇಲೆ ಮತ್ತೆ ಆಸಿಡ್‌ನಲ್ಲಿ ಅದ್ದಿ ನೋಡುವ ಕ್ರಮ ಶೆಡ್ಡಿನಲ್ಲಿರಲಿಲ್ಲ. ಮೊದಲೇ ನೋಡಿ ಆಗಿದೆಯಲ್ಲ ಎಂದು ಎಲ್ಲರ ಎಣಿಕೆ. ಅವನು ಅದ್ದಿದ. ತೊಳೆದ. ಕಿಟಕಿಯ ಬಿಸಿಲಿಗೆ ಹಿಡಿದು ಮೆಲ್ಲ ತಿರುಗಿಸಿದ. ಕಂಬಿ ಉದ್ದಕ್ಕೂ ಬೆಳ್ಳಗೆ ಹೊಳೆಯಿತು, ಅವನ ನಂಬರಿನ ಸುತ್ತ ಮಾತ್ರ ಒಂದು ಮಂಕು ಮಚ್ಚೆ. ಇನ್ನೂ ತಿರುಗಿಸಿದ. ಮಚ್ಚೆ ಹೊಳೆಯಿತು, ಕಂಬಿ ಮಂಕಾಯಿತು. ಪೆಟ್ಟು ತಿಂದ ಜಾಗ ಆ ಬಿಸಿಯಲ್ಲಿ ಸುಮ್ಮನಿರಲಿಲ್ಲ. ಅಲ್ಲಿ ಹೊಸ ಹರಳುಗಳು ಹುಟ್ಟಿ ಒಳಕ್ಕೆ ಇಳಿದಿದ್ದವು. ಲೇತು ಸಿಪ್ಪೆ ತೆಗೆದರೂ ಬೇರು ಉಳಿಯುವಷ್ಟು ಆಳಕ್ಕೆ. ತುಂಡಾಗಿದ್ದ ಕಂಬಿಗಳನ್ನು ಅಳೆದ. ಎಲ್ಲವೂ ಅಲ್ಲೇ ಬಿಟ್ಟಿದ್ದವು.

ಮರುದಿನ ಭಾನುವಾರ. ಜಲಜಾಕ್ಷಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದ್ದಳು. ಗಂಡ ಮೀನಿನ ಮುಳ್ಳು ತೆಗೆಯುವುದನ್ನೇ ಮರೆತು ಅನ್ನ ಕಲಸುತ್ತಾ ಕೂತದ್ದನ್ನು ನೋಡಿ ಅವಳು ಸೌಟು ಕೆಳಗಿಟ್ಟಳು.

"ಎಂತ ಆಯ್ತು?"

ತಾರಾನಾಥಣ್ಣ ಎಲ್ಲ ಹೇಳಿದ. ಹೇಳಿ, "ನಾನು ಇನ್ನು ಸುಮ್ಮನೆ ನಂಬರು ಹೊಡೆಯದಿದ್ರೆ ಸಾಕು. ಕಂಬಿ ನಿಲ್ತದೆ. ಯಾಕೆ ನಿಂತಿತು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ" ಎಂದ.

"ಮತ್ತೆ ಆ ಹುಡುಗಿ?"

"ಅವಳು ನಾಳೆಯಿಂದ ಪಂಪಿಗೆ."

"ಅವಳ ಕಂಬಿಗೆ ಹೊರಗಿನವ ಬಂದು ಮೀಸೆ ತಿರುಗಿಸ್ತಾನೆ, ಅಲ್ವಾ?"

ತಾರಾನಾಥಣ್ಣ ಎತ್ತಿದ ತುತ್ತನ್ನು ಬಟ್ಟಲಿಗೇ ಬಿಟ್ಟ. ಮೂವತ್ತೆಂಟು ವರ್ಷ ಸುತ್ತಿಗೆ ಹಿಡಿದು ಗಳಿಸಿದ ಹೆಸರು ಅವನದು. ದಕ್ಕೆಯಲ್ಲಿ ಜನ ಎಣ್ಣೆ ಒರೆಸಿ ಹುಡುಕುತ್ತಿದ್ದ ನಂಬರು ಅದು. ಅದೇ ಕಂಬಿ ಕೊಂದಿತು ಎಂದು ತನ್ನ ಬಾಯಿಯಿಂದಲೇ ಹೇಳಬೇಕು.

ಜಲಜಾಕ್ಷಿ ಅವನ ಬಟ್ಟಲಿಗೆ ಇನ್ನೊಂದು ತುಂಡು ಹಾಕಿದಳು. "ಮದುವೆಯ ಸುರುವಿಗೆ ನನಗೆ ಎಲ್ಲ ಹೇಳ್ತಿದ್ರು, ನಿನ್ನ ಗಂಡ ಒಂದೇ ಪೆಟ್ಟಿನವ ಅಂತ. ನಾಳೆ ಹೇಳುವುದಾದ್ರೆ ಹಾಗೇ ಹೇಳಿ. ಸುತ್ತಿಸಿ ಬಳಸಿ ಬೇಡ. ಈಗ ಊಟ ಮಾಡಿ, ಬಂಗುಡೆಗೆ ಎಂತಕ್ಕೆ ಸಿಟ್ಟು?"

ಸೋಮವಾರ ಬೆಳಿಗ್ಗೆ ಅವನು ಒಸ್ವಾಲ್ಡ್ ಅವರ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಎರಡು ಕಂಬಿ ಇಟ್ಟ. ಗ್ರೀಷ್ಮಾಳನ್ನೂ ಕರೆಸಿದ. ಅವಳು ಪಂಪಿನ ಕಡೆಗೆ ಹೋಗಲು ತನ್ನ ಪುಸ್ತಕಗಳನ್ನು ಕಟ್ಟಿಕೊಂಡೇ ಬಂದಿದ್ದಳು.

"ಸರ್, ಹನ್ನೊಂದು ಕಂಬಿ ಹಾಳು ಮಾಡಿದ್ದು ಇವಳ ಲೆಕ್ಕ ಅಲ್ಲ. ನನ್ನ ಸುತ್ತಿಗೆ."

ಒಸ್ವಾಲ್ಡ್ ಕನ್ನಡಕ ಏರಿಸಿ ಕಂಬಿಯನ್ನು ಬೆಳಕಿಗೆ ತಿರುಗಿಸಿದರು. ಒಮ್ಮೆ, ಎರಡು ಸಲ. ಮತ್ತೆ ನಂಬರಿಲ್ಲದ್ದನ್ನು ತಿರುಗಿಸಿದರು.

"ಹನ್ನೊಂದಕ್ಕೂ ನೀನೇ ಹೊಡೆದದ್ದಾ?"

"ನನ್ನ ಪಂಚನ್ನು ಬೇರೆಯವರ ಕೈಗೆ ಕೊಡ್ಲಿಕ್ಕುಂಟಾ ಸರ್?"

ಆ ಮಾತಿನಲ್ಲಿದ್ದ ಸಿಟ್ಟು ಕೇಳಿ ಒಸ್ವಾಲ್ಡ್‌ಗೆ ನಗು ಬಂತು, ನಗಬಾರದೆಂದು ಕೆಮ್ಮಿದರು. ಗ್ರೀಷ್ಮಾ ಮಾತ್ರ ನಗಲಿಲ್ಲ. ಅವಳ ಮುಖ ಕೆಂಪಾಗಿತ್ತು.

"ಎಂಟು ತಿಂಗಳು ತಾರಾನಾಥಣ್ಣ! ಎಂಟು ತಿಂಗಳು ನಾನು ಸ್ಪೀಡ್ ಬದಲಿಸ್ತಾ, ಮನೆಯಲ್ಲಿ ಅಮ್ಮನ ಹತ್ರ ಕೂಗಾಡ್ತಾ..." ಎಂದವಳು ನಡುವೆಯೇ ನಿಂತಳು. ಕೈಯಲ್ಲಿದ್ದ ಪುಸ್ತಕಗಳನ್ನು ಧೊಪ್ಪನೆ ಮೇಜಿನ ಮೇಲೆ ಹಾಕಿದಳು. "ಅಯ್ಯೋ ದೇವರೇ. ಅಚ್ಚಿನ ಚಿಪ್ಪು ಒಡೆಯುವಾಗ ಸುತ್ತಿಗೆ ಮುಟ್ಟಬಾರದು, ಪೆಟ್ಟು ಬಿದ್ರೆ ಹರಳು ಹಾಳಾಗ್ತದೆ ಅಂತ ಗೋಡೆಗೆ ಬರೆದು ಅಂಟಿಸಿದವಳು ನಾನು. ಚಿಪ್ಪು ತೆಗೀಲಿಕ್ಕೆ ನೀರು ಹಾರಿಸುವ ಪಂಪು ತರಿಸಿದವಳು ನಾನು. ಮತ್ತೆ ನಿಮ್ಮ ಪಕ್ಕದಲ್ಲೇ ನಿಂತುಕೊಂಡು, ಎಷ್ಟು ಚಂದ ಹೊಡೀತೀರಿ ಅಂತ ನೋಡ್ತಿದ್ದೆ!"

"ನಿನಗೆ ಅದು ಪೆಟ್ಟು ಅಂತ ಕಾಣ್ಲಿಲ್ಲ ಮಗಾ. ನನಗೂ ಕಾಣ್ಲಿಲ್ಲ. ಅದು ನಂಬರಲ್ವಾ."

ಅಷ್ಟು ಹೇಳಿ ತಾರಾನಾಥಣ್ಣ ತಲೆ ತಗ್ಗಿಸಿದ. ಗ್ರೀಷ್ಮಾ ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಒಸ್ವಾಲ್ಡ್ ಎದ್ದು, ಅವಳ ಪುಸ್ತಕದ ಕಟ್ಟನ್ನು ತಾವೇ ಎತ್ತಿಕೊಂಡು ಕುಲುಮೆಯ ಕೋಣೆಗೆ ಹೋಗಿ ಇಟ್ಟು ಬಂದರು.

ಕಂಪನಿಗೆ ಪತ್ರ ಬರೆಯುವಾಗ ಒಸ್ವಾಲ್ಡ್ 'ಗುರುತು ಹಾಕುವ ಕ್ರಮದಲ್ಲಿ ದೋಷ' ಎಂದಷ್ಟೇ ಬರೆದಿದ್ದರು. ಓದಿಸಿ ಕೇಳಿದ ತಾರಾನಾಥಣ್ಣನಿಗೆ ಸಮಾಧಾನವಾಗಲಿಲ್ಲ.

"ಹೆಸರು ಹಾಕಿ ಸರ್. ಮಾಡಿದವ ತಾರಾನಾಥ, ಹುಡುಕಿದವ ತಾರಾನಾಥ."

"ಬೇಡ ಮಾರಾಯ, ನಿನ್ನನ್ನು ಯಾಕೆ ಎಳೀಬೇಕು?"

"ಒಳ್ಳೆ ಶಾಫ್ಟಿಗೆ ನನ್ನ ಗುರುತು ಹಾಕಿದವ ನಾನು. ಕೆಟ್ಟದ್ದಕ್ಕೆ ಹಾಕ್ಲಿಕ್ಕೆ ನಾಚಿಕೆ ಎಂತ?"

ಹೆಸರು ಹಾಕಿದರು, ಮಚ್ಚೆ ಪರೀಕ್ಷಿಸಿದ ವಿವರವನ್ನು ಅವನೇ ಬರೆದಿಟ್ಟಿದ್ದಾನೆಂದೂ ಸೇರಿಸಿದರು. ಕಂಪನಿಯಿಂದ ಹತ್ತು ದಿನ ಉತ್ತರ ಬರಲಿಲ್ಲ. ಬಂದ ಮೇಲೆ ನೋಡಿದರೆ ಎರಡೇ ಸಾಲು: ಮೂರು ಕಂಬಿಗೆ ಕಾಯುತ್ತೇವೆ, ತಾರಾನಾಥರು ಬರೆದ ಪರೀಕ್ಷಾ ವಿವರದ ಒಂದು ಪ್ರತಿಯನ್ನು ನಮ್ಮ ಕೆಲಸಗಾರರಿಗೆ ಓದಿಸಲು ಕಳಿಸಿಕೊಡಿ. ಒಸ್ವಾಲ್ಡ್ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಎರಡನೆಯ ಸಲ ಓದಿ ಎಂದು ಯಾರೂ ಕೇಳಿರಲಿಲ್ಲ.

ಇನ್ನು ಕಂಬಿಗೆ ಗುರುತು ಬೇಡವೇ? ಬೇಕು. ಉಪಾಯವನ್ನೂ ಅವನೇ ಕಂಡುಕೊಂಡ. ಅಚ್ಚು ಮಾಡುವ ಮೊದಲು ಕಂಬಿಯನ್ನು ಮೇಣದಲ್ಲಿ ಮಾಡುತ್ತಾರೆ. ಆ ಮೇಣದ ಮೇಲೆಯೇ ಮೇಣದ ಸಣ್ಣ ಅಂಕೆಗಳನ್ನು ಅಂಟಿಸಿದರೆ ಎರಕದ ಜೊತೆಗೇ ನಂಬರು ಉಬ್ಬಿ ಬರುತ್ತದೆ, ಒಂದು ಪೆಟ್ಟೂ ಬೀಳುವುದಿಲ್ಲ. ಸುತ್ತಿಗೆ ಹಿಡಿದ ಒರಟು ಬೆರಳುಗಳಲ್ಲಿ ಅಕ್ಕಿಕಾಳಿನಷ್ಟು ಮೇಣದ ಅಂಕೆ ಹಿಡಿಯಲು ಅವನಿಗೆ ಹದಿನೈದು ದಿನ ಬೇಕಾಯಿತು. ಮೊದಲ ಐದು ಅಂಕೆಗಳು ಬಿಸಿಲಿಗೆ ಬಿದ್ದ ಬೆಣ್ಣೆಯ ಹಾಗಾದವು. ತುಂಡಾದ ಹನ್ನೊಂದರ ಮುಂದಿನ ಲೆಕ್ಕಕ್ಕೆ ಹನ್ನೆರಡು, ಹದಿಮೂರು, ಹದಿನಾಲ್ಕು ಎಂಬ ಮೂರು ಕಂಬಿ ಕುಲುಮೆಯಿಂದ ಹೊರಗೆ ಬಂದಾಗ ಅಂಕೆಗಳು ಎಷ್ಟು ಚಂದ ಇದ್ದವೆಂದರೆ, ಗ್ರೀಷ್ಮಾ ಫೋಟೊ ತೆಗೆದು ಅಮ್ಮನಿಗೆ ಕಳಿಸಿದಳು. ಈ ಸಲ ಹದ ಮಾಡಿದ ಮೇಲೂ ಆಸಿಡ್‌ನಲ್ಲಿ ಅದ್ದಿ ನೋಡಿದರು. ಮಚ್ಚೆ ಇಲ್ಲ.

ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮೂರು ಮಿಷನ್ನಿಗೂ ಮೂರು ಕಂಬಿ ಏರಿದವು. ತೂಕದ ಬಿಲ್ಲೆಗಳನ್ನು ಒಂದೊಂದಾಗಿ, ನಿದ್ದೆ ಮಾಡುವ ಮಗುವಿನ ಪಕ್ಕ ಚೆಂಬು ಇಡುವಂತೆ, ತಾರಾನಾಥಣ್ಣ ಇಳಿಸಿದ. ಆಗಲೇ ಅವನಿಗೆ ಅರವತ್ತೆರಡು. ಕೆಲಸ ಬಿಡುವ ಮಾತು ಮೊದಲೇ ಆಗಿತ್ತು. "ಈ ಮೂರರಲ್ಲಿ ಕೊನೆಯದ್ದು ತುಂಡಾದ ದಿನವೇ ನಾನು ರಿಟೈರ್ಡ್ ಸರ್" ಎಂದ.

ಮನೆಯಲ್ಲಿ ಜಲಜಾಕ್ಷಿ ಕ್ಯಾಲೆಂಡರಿನಲ್ಲಿ ಗೀಟು ಹಾಕತೊಡಗಿದಳು. ಇನ್ನೂರು ಗಂಟೆ ದಾಟಿತು. ಮುನ್ನೂರು ದಾಟಿತು. ಮಳೆಗೆ ಕರೆಂಟು ಹೋಗುವ ದಿನಗಳು. ಜನರೇಟರಿಗೆ ಡೀಸೆಲು ಉಂಟೆಂದು ಗೊತ್ತಿದ್ದರೂ ಅವನು ದಿನಕ್ಕೆರಡು ಸಲ ಕಡ್ಡಿ ಅದ್ದಿ ನೋಡುತ್ತಿದ್ದ. ಸಂಗತಿ ಓಣಿಗೂ ಹಬ್ಬಿತು. ಮುಕುಂದ ಭಟ್ಟರು ಈಗ ಕೆಣಕುವುದನ್ನು ಬಿಟ್ಟು ಕ್ರಿಕೆಟ್ ಸ್ಕೋರು ಕೇಳಿದ ಹಾಗೆ ಕೇಳುತ್ತಿದ್ದರು. "ಎಷ್ಟಾಯ್ತಾ?"

"ಏಳುನೂರ ಮೂವತ್ತು ಭಟ್ರೇ, ವಿಕೆಟ್ ಹೋಗ್ಲಿಲ್ಲ."

"ನಾನು ಹೇಳ್ಲಿಲ್ವಾ, ನಮ್ಮ ಓಣಿಯ ಕಂಬಿ ಅಂದ್ರೆ ಹಾಗೇ!" ಎಂದು ಅವರು ದಾರಿಯಲ್ಲಿ ಹೋಗುವವರಿಗೂ ಕೇಳುವಂತೆ ಹೇಳುತ್ತಿದ್ದರು.

ಆರು ವಾರ ತುಂಬುವ ಸೋಮವಾರ ತಾರಾನಾಥಣ್ಣ ಕೋಣೆಯ ಬಾಗಿಲು ತೆರೆದಾಗ ಗಡಿಯಾರ ಸಾವಿರದ ಆರು ತೋರಿಸುತ್ತಿತ್ತು. ಮೂರೂ ಕಂಬಿ ತೂಗುತ್ತಿದ್ದವು. ಅವನು ಪುಸ್ತಕದಲ್ಲಿ ಬರೆದ. ಕಣ್ಣು ಕಂಬಿಗಳ ಮೇಲೇ ಇದ್ದು ಆರು ಸೊನ್ನೆಯ ಹಾಗೆ ಬಂತು. ಹೊಡೆದುಹಾಕಿ ಮತ್ತೆ ಬರೆದ. ಜೀವಮಾನದಲ್ಲಿ ಅವನು ಎರಡು ಸಲ ಬರೆದ ಅಂಕೆ ಅದೊಂದೇ ಎಂದು ಗ್ರೀಷ್ಮಾ ಈಗಲೂ ಆ ಪುಟ ತೆರೆದು ಬಂದವರಿಗೆ ತೋರಿಸುತ್ತಾಳೆ. ಆ ದಿನ ಒಸ್ವಾಲ್ಡ್ ಪಂಪಿನ ಕಡೆಯವರಿಗೂ ಸೇರಿಸಿ ಐಸ್‌ಕ್ರೀಮ್ ತರಿಸಿದರು. ಕಂಪನಿಯ ಕಾಗದ ಅದೇ ವಾರ ಬಂತು. ಎಲೆ ಎರಕದ ಕೆಲಸ ಶೆಡ್ಡಿಗೆ, ಕುಲುಮೆಯ ಮುಖ್ಯಸ್ಥೆ ಗ್ರೀಷ್ಮಾ.

ಹನ್ನೆರಡನೆಯ ಕಂಬಿ ಸಾವಿರದ ನಲವತ್ತೆರಡು ಗಂಟೆಗೆ ಹೋಯಿತು. ಹದಿಮೂರನೆಯದು ಸಾವಿರದ ನೂರ ಎಂಟಕ್ಕೆ. ಹದಿನಾಲ್ಕನೆಯದು ಮಾತ್ರ ನಿಂತೇ ಇತ್ತು.

"ನಿಮಗೆ ರಿಟೈರ್ಡ್ ಇಲ್ಲ. ಆ ಕಂಬಿ ನಿಮ್ಮನ್ನು ಬಿಡುವುದಿಲ್ಲ" ಎಂದು ಜಲಜಾಕ್ಷಿ ನಗಾಡುತ್ತಿದ್ದಳು.

ಎಂಟು ವಾರ ತುಂಬಿದ ಮರುದಿನ, ಬೆಳಿಗ್ಗೆ ಆರಕ್ಕೆ, ಅದೂ ಹೋಯಿತು. ಸಾವಿರದ ಮುನ್ನೂರ ಅರವತ್ತಮೂರು ಗಂಟೆ. ಏಳಕ್ಕೆ ಗ್ರೀಷ್ಮಾಳ ಫೋನು ಬಂತು.

"ತಾರಾನಾಥಣ್ಣ, ಹದಿನಾಲ್ಕು ತುಂಡಾಯ್ತು. ಯಾರೂ ಮುಟ್ಟಲಿಲ್ಲ. ಏರಿಸಿದವರೇ ಇಳಿಸ್ಬೇಕು. ಸರ್ ಕಾರು ಕಳಿಸ್ತಾರಂತೆ."

"ಕಾರು ಬೇಡ. ಬಸ್ಸು ಉಂಟು. ಒಲೆ ಆರ್ಲಿ, ನಾನು ಬರ್ತೇನೆ."

ಅವನು ಸ್ನಾನ ಮಾಡಿದ. ಇಸ್ತ್ರಿ ಹಾಕಿದ ಖಾಕಿ ಅಂಗಿ ತೊಟ್ಟು, ಜೇಬಿಗೆ ಕನ್ನಡಕ ಹಾಕಿ ಹೊರಗೆ ಬಂದ. ಟಿಫಿನ್ ಡಬ್ಬಿಗಾಗಿ ಕೈ ಚಾಚಿದರೆ ಜಲಜಾಕ್ಷಿ ಕೊಡಲಿಲ್ಲ. ಅವಳು ಹಸಿರು ಅಂಚಿನ ಸೀರೆ ಉಟ್ಟು, ಹೆರಳಿಗೆ ಮಲ್ಲಿಗೆ ಮುಡಿದು, ಕೊಡೆ ಹಿಡಿದು ನಿಂತಿದ್ದಳು. ಡಬ್ಬಿ ಅವಳ ಕೈಚೀಲದಲ್ಲಿತ್ತು.

"ನೀನೆಲ್ಲಿಗೆ?"

"ನಿಮ್ಮ ಒಟ್ಟಿಗೆ. ಹನ್ನೆರಡು ವರ್ಷ ಕೇಳಿ ಕೇಳಿ ಸಾಕಾಯ್ತು. ಇವತ್ತು ನೋಡ್ಬೇಕು."

"ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ, ತುಂಡಾದ ಒಂದು ಕಂಬಿ."

"ಸಾವಿರದ ಮುನ್ನೂರ ಅರವತ್ತಮೂರು ಗಂಟೆ ನಿಂತ ಕಂಬಿ" ಎಂದು ತಿದ್ದಿದಳು ಜಲಜಾಕ್ಷಿ.

ತಾರಾನಾಥಣ್ಣ ಕೆಲಸಕ್ಕೆಂದು ಆ ಮನೆಯಿಂದ ಹೊರಟದ್ದು ಅದೇ ಕೊನೆ. ಅವನು ಬಾಗಿಲೆಳೆದು ಬೀಗ ಹಾಕಿ, ಹಿಡಿದು ಎಳೆದು ನೋಡಿ, ಬೀಗದ ಕೈಯನ್ನು ಹೆಂಡತಿಗೆ ಕೊಟ್ಟ. ಮಳೆ ಹನಿಯುತ್ತಿತ್ತು. ಅವಳು ಕೊಡೆ ಬಿಡಿಸಿ ಅವನ ಕಡೆಗೆ ವಾಲಿಸಿದಳು. ದಾಪುಗಾಲು ಹಾಕುವವನು ಅವಳ ನಡಿಗೆಗೆ ತನ್ನ ಹೆಜ್ಜೆ ಚಿಕ್ಕದು ಮಾಡಿಕೊಂಡ. ಇಬ್ಬರೂ ನಂತೂರಿನ ಕಡೆಗೆ ಇಳಿದು ಹೋದರು.